ಪ್ರಬಂಧವಿದ್ಯೆಯ ಆಚಾರ್ಯ ಕ್ವಿಂಟಿಲಿಯನ್

ವಿದ್ಯಾರ್ಥಿಯ ಕೈಗೆ ಲೇಖನಿಯನ್ನು ಕೊಟ್ಟು, ಒಂದು ವಿಷಯವನ್ನು ಹೇಳಿ, ಬರೆಯೆಂದು ಆಜ್ಞಾಪಿಸಿದ ಮಾತ್ರಕ್ಕೆ ಪ್ರಬಂಧವು ಹುಟ್ಟುವುದಿಲ್ಲ. ಬಾಲಕನ ಮನಸ್ಸಿನಲ್ಲಿ ಕಂಡದ್ದು, ಕೇಳಿದ್ದು, ಓದಿದ್ದು ಎಲ್ಲವೂ ತುಂಬಿರುತ್ತದೆ. ಆದರೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ತಡೆದಿರಿಸಿ ಅನಂತರ ಹೇಳಬೇಕು, ಯಾವುದನ್ನು ಹೇಳದೆಯೇ ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕವು ತಾನಾಗಿ ಬರತಕ್ಕದ್ದಲ್ಲ. ಅದು ಗುರುಮುಖೇನ ಬರಬೇಕು. ತಿದ್ದಿ ತೀಡುವ ಕೈಯೊಂದರ ಕೆಳಗೆ ದಿನದಿನವೂ ಬೆಳೆಯಬೇಕು. ಈ ಬೆಳೆಸುವ ಕಾರ್ಯವನ್ನೇ ತನ್ನ ಬಾಳಿನ ವ್ರತವಾಗಿ ನಡೆಸಿ, ಆ ಅನುಭವವನ್ನೆಲ್ಲ ಹನ್ನೆರಡು ಸಂಪುಟಗಳಲ್ಲಿ ಕೂಡಿಟ್ಟುಹೋದ ಮಹಾಶಿಕ್ಷಕನು ಪ್ರಾಚೀನ ರೋಮಿನ ಮಾರ್ಕುಸ್ ಫೇಬಿಯಸ್ ಕ್ವಿಂಟಿಲಿಯನಸ್. ಲೋಕವು ಅವನನ್ನು ಕ್ವಿಂಟಿಲಿಯನ್ ಎಂದು ಕರೆಯುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಸ್ಪೇನ್ ದೇಶದ ಉತ್ತರಭಾಗದಲ್ಲಿ, ಎಬ್ರೋ ನದಿಯ ಕಣಿವೆಯಲ್ಲಿರುವ ಕಲಾಗುರಿಸ್ ಎಂಬ ಊರಿನಲ್ಲಿ ಸುಮಾರು ಕ್ರಿ. ಶ. 35ರಲ್ಲಿ ಕ್ವಿಂಟಿಲಿಯನ್ನನು ಜನಿಸಿದನು. ಆ ಊರಿಗೆ ಈಗ ಕಲಾಓರಾ ಎಂದು ಹೆಸರು. ಆ ಕಾಲಕ್ಕೆ ಸ್ಪೇನು ರೋಮನ್ ಸಾಮ್ರಾಜ್ಯದ ಒಂದು ಭಾಗವಾಗಿದ್ದಿತು. ಅಲ್ಲಿಯ ಬುದ್ಧಿವಂತ ಬಾಲಕರು ವಿದ್ಯಾರ್ಜನೆಗಾಗಿ ರಾಜಧಾನಿಯತ್ತ ಮುಖ ಮಾಡುತ್ತಿದ್ದರು. ಕ್ವಿಂಟಿಲಿಯನ್ನನೂ ಹಾಗೆಯೇ ರೋಮನ್ನು ಸೇರಿದನು.

ರೋಮಿನ ವಿದ್ಯಾಭ್ಯಾಸಕ್ಕೆ ಆಗ ಮೂರು ಮೆಟ್ಟಿಲುಗಳಿದ್ದವು. ಮೊದಲನೆಯ ಗುರುವು ಓದು, ಬರಹ, ಲೆಕ್ಕಗಳನ್ನು ಕಲಿಸುತ್ತಿದ್ದನು. ಎರಡನೆಯವನಾದ ವ್ಯಾಕರಣಗುರುವು ಭಾಷೆಯ ಶುದ್ಧಿಯನ್ನೂ ಕವಿಗಳ ಕೃತಿಗಳನ್ನೂ ಪಾಠ ಹೇಳುತ್ತಿದ್ದನು. ಮೂರನೆಯವನಾದ ವಾಕ್ಕಲೆಯ ಗುರುವಿನ ಬಳಿಯಲ್ಲಿ ವಿದ್ಯಾರ್ಥಿಗಳು ವಿಷಯವನ್ನು ಕಲ್ಪಿಸಿ, ಜೋಡಿಸಿ, ಬರೆದು, ಸಭೆಯ ಮುಂದೆ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಕ್ವಿಂಟಿಲಿಯನ್ನನ ಬಾಲ್ಯದ ಗುರುಗಳು ಹುಡುಗರನ್ನು ಅವರವರ ಯೋಗ್ಯತೆಗೆ ತಕ್ಕಂತೆ ಸಾಲುಗಟ್ಟಿ ಕೂಡಿಸಿ, ಮುಂದಾದವನಿಗೆ ಮೊದಲು ಮಾತನಾಡುವ ಅವಕಾಶ ಕೊಡುತ್ತಿದ್ದರು. ತಿಂಗಳಿಗೊಮ್ಮೆ ಮತ್ತೆ ಸ್ಪರ್ಧೆ. ಸೋತವನು ಗೆಲ್ಲಲು, ಗೆದ್ದವನು ಉಳಿಸಿಕೊಳ್ಳಲು ಹೆಣಗಬೇಕು. ಹಿರಿಯರ ಉಪದೇಶಕ್ಕಿಂತಲೂ, ಗುರುಗಳ ಎಚ್ಚರಿಕೆಗಿಂತಲೂ ಈ ಪದ್ಧತಿಯೇ ತನ್ನಂಥ ಬಾಲಕರಲ್ಲಿ ಹೆಚ್ಚಿನ ಉತ್ಸಾಹವನ್ನು ಉರಿಸಿತೆಂದು ಅವನು ಮುಂದೆ ನೆನೆದುಕೊಂಡಿದ್ದಾನೆ.

ತಾರುಣ್ಯದಲ್ಲಿ ಅವನು ಡೊಮಿಶಿಯಸ್ ಆಫರ್ ಎಂಬ ಪ್ರಸಿದ್ಧ ನ್ಯಾಯವಾದಿಯನ್ನು ಆಶ್ರಯಿಸಿ, ಅವನ ವಾದಸರಣಿಯನ್ನು ಕಣ್ಣಾರೆ ಕಂಡು ಕಲಿತನು. ಆಫರನು ಮುಪ್ಪಿನಲ್ಲಿ ಶಕ್ತಿಗುಂದಿದ ಮೇಲೂ ನ್ಯಾಯಸಭೆಯನ್ನು ಬಿಡಲಾರದೆ, ಹಿಂದೆ ತಲೆಬಾಗಿದ್ದವರಿಂದಲೇ ನಗೆಗೀಡಾದನು. ಸಕಾಲದಲ್ಲಿ ನಿಲ್ಲಿಸುವುದೂ ಒಂದು ವಿದ್ಯೆಯೆಂಬ ಪಾಠವನ್ನು ಶಿಷ್ಯನು ಗುರುವಿನ ಈ ದುರವಸ್ಥೆಯಿಂದಲೇ ಪಡೆದನು.

ರಾಜಧಾನಿಯ ಪಾಠಶಾಲೆ

ಕ್ವಿಂಟಿಲಿಯನ್ನನು ಸ್ವದೇಶಕ್ಕೆ ಹಿಂದಿರುಗಿ ಕೆಲವು ಕಾಲ ಅಲ್ಲಿದ್ದನು. ಕ್ರಿ. ಶ. 68ರಲ್ಲಿ ಸ್ಪೇನಿನ ಅಧಿಪತಿಯಾಗಿದ್ದ ಗಾಲ್ಬನು ಚಕ್ರವರ್ತಿಯಾಗಿ ರೋಮಿಗೆ ಹೊರಟಾಗ ಅವನನ್ನೂ ಜೊತೆಯಲ್ಲಿ ಕರೆದೊಯ್ದನು. ಗಾಲ್ಬನ ಆಳ್ವಿಕೆ ತಿಂಗಳುಗಳಲ್ಲೇ ಮುಗಿಯಿತು. ಅವನೊಡನೆ ಬಂದ ಶಿಕ್ಷಕನ ಆಳ್ವಿಕೆ ಮಾತ್ರ ಆಗ ಆರಂಭವಾಯಿತು. 69ರಿಂದ 79ರವರೆಗೆ ಆಳಿದ ವೆಸ್ಪೇಸಿಯನ್ ಚಕ್ರವರ್ತಿಯು ಗ್ರೀಕ್ ಮತ್ತು ಲ್ಯಾಟಿನ್ ವಾಕ್ಕಲೆಯ ಅಧ್ಯಾಪಕರಿಗೆ ರಾಜಬೊಕ್ಕಸದಿಂದಲೇ ವರ್ಷಕ್ಕೆ 1,00,000 ಸೆಸ್ಟರ್ಸ್ ನಾಣ್ಯಗಳ ವೇತನವನ್ನು ಗೊತ್ತುಪಡಿಸಿದನು. ಆಗಿನ ಸಾಮಾನ್ಯ ಕಾಲಾಳಿನ ವರ್ಷದ ಸಂಬಳ 900 ಸೆಸ್ಟರ್ಸುಗಳೆಂಬುದನ್ನು ನೆನೆದರೆ ಈ ದಾನದ ಹಿರಿಮೆ ತಿಳಿಯುತ್ತದೆ. ಹೀಗೆ ಬೊಕ್ಕಸದ ವೇತನ ಪಡೆದು ರೋಮಿನಲ್ಲಿ ಸಾರ್ವಜನಿಕ ಪಾಠಶಾಲೆಯನ್ನು ನಡೆಸಿದ ಮೊದಲಿಗನೆಂಬ ಕೀರ್ತಿ ಕ್ವಿಂಟಿಲಿಯನ್ನನದು. ಅವನು ನ್ಯಾಯಸಭೆಯಲ್ಲಿಯೂ ವಾದಿಸುತ್ತಿದ್ದನು. ಬೆರೆನೀಸ್ ರಾಣಿಯ ಪರವಾಗಿ ಸ್ವತಃ ಆ ರಾಣಿಯ ಸನ್ನಿಧಿಯಲ್ಲಿಯೇ ವಾದ ಮಂಡಿಸಿದ ಪ್ರಸಂಗವೂ ಉಂಟು. ಆದರೂ ಅವನ ಹೃದಯ ನೆಲಸಿದ್ದುದು ಪಾಠಶಾಲೆಯಲ್ಲಿ. ಇಪ್ಪತ್ತು ವರ್ಷಗಳ ಕಾಲ ಅವನು ಪಾಠ ಹೇಳಿದನು. ಪತ್ರಲೇಖಕನೆಂದು ವಿಖ್ಯಾತನಾದ ಕಿರಿಯ ಪ್ಲಿನಿಯು ಅವನ ಶಿಷ್ಯನೇ.

ಬರವಣಿಗೆಯ ಸೋಪಾನ

ಕ್ವಿಂಟಿಲಿಯನ್ನನ ಬೋಧನಕ್ರಮದ ಮೊದಲ ಲಕ್ಷಣವೆಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಮಗುವಿಗೆ ಅಕ್ಷರಗಳನ್ನು ಆಟದ ಸಾಮಾನಿನಂತೆ ದಂತದಲ್ಲಿ ಕಡೆದು ಕೊಡಬೇಕು. ಹಲಗೆಯಲ್ಲಿ ಅಕ್ಷರಗಳನ್ನು ಕೊರೆದು, ಆ ಗೆರೆಯ ಹಾದಿಯಲ್ಲಿ ಕೈಯನ್ನು ಓಡಿಸಬೇಕು. ಸಣ್ಣ ಬಾಯಿಯ ಪಾತ್ರೆಗೆ ನೀರನ್ನು ಒಮ್ಮೆಲೇ ಸುರಿದರೆ ಎಲ್ಲವೂ ಹೊರಗೆ ಚೆಲ್ಲುವುದು, ಸ್ವಲ್ಪ ಸ್ವಲ್ಪವಾಗಿ ಹನಿಸಿದರೆ ತುಂಬುವುದು. ಎಳೆಯ ಮನಸ್ಸೂ ಹಾಗೆಯೇ ಎಂಬುದು ಅವನ ನಿಲುವು.

ಬರೆಯುವ ಅಭ್ಯಾಸಕ್ಕೂ ಇದೇ ನ್ಯಾಯ. ಮೊದಲು ಈಸೋಪನ ನೀತಿಕಥೆಯನ್ನು ಬಾಲಕನು ತನ್ನ ಸರಳವಾದ ಮಾತಿನಲ್ಲಿ ಹೇಳಬೇಕು; ಆಮೇಲೆ ಅದನ್ನೇ ಬರೆಯಬೇಕು. ಅನಂತರ ಪದ್ಯವನ್ನು ಬಿಡಿಸಿ ಗದ್ಯ ಮಾಡಬೇಕು. ಅದೇ ಅರ್ಥವನ್ನು ಬೇರೆ ಪದಗಳಲ್ಲಿ ಹೇಳಬೇಕು. ಕೊನೆಗೆ ಕವಿಯ ಆಶಯ ಕೆಡದಂತೆ ಒಂದೆಡೆ ಸಂಗ್ರಹಿಸಬೇಕು, ಇನ್ನೊಂದೆಡೆ ವಿಸ್ತರಿಸಬೇಕು. ಇದನ್ನು ಸಾಧಿಸಿದವನು ಮುಂದೆ ಯಾವುದನ್ನು ಬೇಕಾದರೂ ಕಲಿಯಬಲ್ಲನು. ಮೇಲಿನ ತರಗತಿಯಲ್ಲಿ ಇತಿಹಾಸದ ನಿರೂಪಣೆ, ಮಹಾಪುರುಷರ ಗುಣಕಥನ, ಇಬ್ಬರ ತುಲನೆ, ಐತಿಹ್ಯಗಳ ಮಂಡನ ಮತ್ತು ಖಂಡನ ಬರುತ್ತವೆ. ರೋಮ್ಯುಲಸನಿಗೆ ತೋಳವು ಹಾಲೂಡಿಸಿತೆಂಬ ಕಥೆಯನ್ನು ಸಾಧಿಸಿಯೂ ಬರೆಯಬೇಕು, ನಿರಾಕರಿಸಿಯೂ ಬರೆಯಬೇಕು. ಹಳ್ಳಿಯ ಬಾಳು ಮೇಲೋ ನಗರದ ಬಾಳು ಮೇಲೋ ಎಂಬುದು ಆ ಪಾಠಶಾಲೆಗಳ ಮತ್ತೊಂದು ವಿಷಯ. ಕನ್ನಡ ಶಾಲೆಗಳ ಮಕ್ಕಳು ಇಂದಿಗೂ ಬರೆಯುವ ಈ ವಿಷಯಕ್ಕೆ ಹತ್ತೊಂಬತ್ತು ಶತಮಾನಗಳಿಗೂ ಮಿಕ್ಕ ವಯಸ್ಸಾಗಿದೆ.

ಅವನ ಕಾಲದ ಅನೇಕ ಪಾಠಶಾಲೆಗಳಲ್ಲಿ ವಿಷಯಗಳು ಬಾಳಿನಿಂದ ದೂರ ಸರಿದಿದ್ದವು. ಮಾಂತ್ರಿಕರು, ಮಾರಿರೋಗಗಳು, ದೇವವಾಣಿಗಳು, ಕ್ರೂರಿಗಳಾದ ಮಲತಾಯಂದಿರು—ಇವುಗಳನ್ನೇ ಕುರಿತು ಹುಡುಗರು ಆರ್ಭಟಿಸುತ್ತಿದ್ದರು. ಸಹಪಾಠಿಗಳು ವಾಕ್ಯವಾಕ್ಯಕ್ಕೂ ಎದ್ದುನಿಂತು ಜಯಕಾರ ಮಾಡುತ್ತಿದ್ದರು. ಕ್ವಿಂಟಿಲಿಯನ್ನನು ಇವೆರಡನ್ನೂ ಒಪ್ಪಲಿಲ್ಲ. ಬರೆಯುವ ವಿಷಯವು ನಿಜಜೀವನಕ್ಕೆ ಹತ್ತಿರವಿರಬೇಕು. ಮೆಚ್ಚಿಕೆಗಾಗಿ ಶಿಷ್ಯನು ನೋಡಬೇಕಾದುದು ಗೆಳೆಯರ ಮುಖವನ್ನಲ್ಲ, ಗುರುವಿನ ಮುಖವನ್ನು. ಮಗನು ತಾನೇ ಬರೆದುದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕೆಂದು ತಂದೆಯರು ಬಯಸುತ್ತಿದ್ದರು. ಅದಕ್ಕಿಂತ ಮಹಾಲೇಖಕರ ಆಯ್ದ ಭಾಗಗಳನ್ನು ಕಂಠಸ್ಥ ಮಾಡಿಸುವುದು ಮೇಲು, ಏಕೆಂದರೆ ತನ್ನ ತಪ್ಪುಗಳನ್ನೇ ಕಂಠಸ್ಥ ಮಾಡುವವನು ಅವುಗಳಿಗೇ ಒಗ್ಗಿಹೋಗುತ್ತಾನೆ ಎಂದು ಅವನು ಅವರಿಗೆ ತಿಳಿಹೇಳಿದನು.

ತಿದ್ದುವ ಕೈ

ಗುರುವು ಶಿಷ್ಯರಲ್ಲಿ ತಂದೆಯ ಭಾವವನ್ನು ತಾಳಬೇಕು ಎಂಬುದು ಕ್ವಿಂಟಿಲಿಯನ್ನನ ಮೂಲಮಂತ್ರ. ಬೆತ್ತವೇ ಗುರುವಿನ ಲಾಂಛನವಾಗಿದ್ದ ಆ ಕಾಲದಲ್ಲಿ ಮಕ್ಕಳನ್ನು ಹೊಡೆಯಬಾರದೆಂದು ಅವನು ಸ್ಪಷ್ಟವಾಗಿ ಸಾರಿದನು. ಹೊಡೆತವು ಗುಲಾಮರಿಗೆ ತಕ್ಕದ್ದೆಂದು ಆ ಸಮಾಜವು ಬಗೆದಿದ್ದಿತು; ಮಾತಿಗೆ ಬಗ್ಗದ ಮನಸ್ಸು ಏಟಿಗೆ ಇನ್ನಷ್ಟು ಕಲ್ಲಾಗುತ್ತದೆ; ಗುರುವು ಎಡೆಬಿಡದೆ ಮೇಲ್ವಿಚಾರಣೆ ಮಾಡಿದರೆ ಶಿಕ್ಷೆಯ ಪ್ರಸಂಗವೇ ಬಾರದು. ಇವು ಅವನು ಕೊಟ್ಟ ಕಾರಣಗಳು. ಗುಲಾಮಗಿರಿಯನ್ನು ಅವನು ಪ್ರಶ್ನಿಸಲಿಲ್ಲವೆಂಬುದು ಆ ಯುಗದ ಮಿತಿ. ಮಕ್ಕಳ ಮಾನವನ್ನು ಕಾಯಲು ನಿಂತುದು ಅವನ ಹಿರಿಮೆ.

ಪ್ರಬಂಧಗಳನ್ನು ತಿದ್ದುವಾಗಲೂ ಅವನದು ಇದೇ ಮೃದುತ್ವ. ಎಳೆಯರ ಬರಹದಲ್ಲಿ ಮಾತು ಉಕ್ಕಿ ಹರಿದರೆ ಅವನು ಗದರಿಸುತ್ತಿರಲಿಲ್ಲ. ಉಕ್ಕನ್ನು ಇಳಿಸುವುದು ಸುಲಭ, ಬರಡನ್ನು ಚಿಗುರಿಸುವುದು ದುಸ್ಸಾಧ್ಯ. ಒಣ ನೆಲದಲ್ಲಿ ಎಳೆಯ ಸಸಿ ಸೊರಗುವಂತೆ ರಸಹೀನನಾದ ಗುರುವಿನ ಕೈಯಲ್ಲಿ ಬಾಲಕನ ಪ್ರತಿಭೆ ಬಾಡುತ್ತದೆ. ಆದ್ದರಿಂದ ಬರಹವನ್ನು ತಿದ್ದುವ ಗುರುವು ಕೆಲವನ್ನು ಹೊಗಳಬೇಕು, ಕೆಲವನ್ನು ಸಹಿಸಬೇಕು, ಬದಲಾಯಿಸಬೇಕಾದುದನ್ನು ಕಾರಣ ಹೇಳಿ ಬದಲಾಯಿಸಬೇಕು, ಅಲ್ಲಲ್ಲಿ ತನ್ನದೇ ಒಂದು ವಾಕ್ಯವನ್ನು ಸೇರಿಸಿ ಬೆಳಗಿಸಬೇಕು. ತೀರ ಎಳೆಯರಿಗೆ ಬರೆಯುವ ಮುನ್ನವೇ ವಿಷಯದ ರೂಪರೇಖೆಯನ್ನು ಹಾಕಿಕೊಡಬೇಕು. ಬಲಿತ ಮೇಲೆ ಸೂಚನೆ ಮಾತ್ರ ಸಾಕು. ಆಮೇಲೆ ಅದೂ ಬೇಡ. ತಾಯಿಹಕ್ಕಿಯು ಮೊದಲು ಕೊಕ್ಕಿನಿಂದ ಗುಟುಕು ಕೊಡುತ್ತದೆ, ರೆಕ್ಕೆ ಬಲಿತಾಗ ಮುಂದೆ ಹಾರಿ ದಾರಿ ತೋರಿಸುತ್ತದೆ, ಕೊನೆಗೆ ಮರಿಯನ್ನು ಆಕಾಶಕ್ಕೆ ಒಪ್ಪಿಸುತ್ತದೆ ಎಂಬುದು ಅವನು ಇದಕ್ಕೆ ಕೊಟ್ಟ ಉಪಮಾನ.

ಮೇಣದ ಹಲಗೆ

ಬರವಣಿಗೆಯ ಸಾಧನಗಳ ವಿಷಯದಲ್ಲಿಯೂ ಅವನಷ್ಟು ಸೂಕ್ಷ್ಮವಾಗಿ ಯೋಚಿಸಿದವರು ವಿರಳ. ಆಗ ವಿದ್ಯಾರ್ಥಿಗಳು ಮೇಣ ಬಳಿದ ಹಲಗೆಯ ಮೇಲೆ ಲೋಹದ ಕಡ್ಡಿಯಿಂದ ಬರೆಯುತ್ತಿದ್ದರು. ಅಳಿಸುವುದು ಸುಲಭವಾದ್ದರಿಂದ ಮೇಣದ ಹಲಗೆಯೇ ಉತ್ತಮವೆಂದೂ, ಕಣ್ಣು ಮಂದವಾದವರು ಮಾತ್ರ ಚರ್ಮಪತ್ರವನ್ನು ಬಳಸಬಹುದೆಂದೂ ಅವನ ಸಲಹೆ. ಯಾವುದರಲ್ಲಿ ಬರೆದರೂ ಎದುರಿನ ಪುಟವನ್ನು ಖಾಲಿ ಬಿಡಬೇಕು, ಹೊಸದಾಗಿ ಹೊಳೆದುದಕ್ಕೆ ಅಲ್ಲಿ ಸ್ಥಳವಿರಬೇಕು. ಶ್ರದ್ಧಾವಂತನಾದ ಒಬ್ಬ ತರುಣನ ಪ್ರಬಂಧಗಳು ಮಿತಿಮೀರಿ ಉದ್ದವಾಗುತ್ತಿದ್ದವು. ಎಷ್ಟು ಬುದ್ಧಿ ಹೇಳಿದರೂ ಪ್ರಯೋಜನವಾಗಲಿಲ್ಲ. ವಿಚಾರಿಸಿ ನೋಡಿದರೆ ಅವನು ಸಾಲುಗಳನ್ನು ಎಣಿಸಿ ಬರೆಯುತ್ತಿದ್ದನು, ಅವನ ಹಲಗೆಯೋ ಬಹಳ ಅಗಲವಾಗಿತ್ತು. ಹಲಗೆಯನ್ನು ಬದಲಾಯಿಸಿದೊಡನೆ ದೋಷವು ತೊಲಗಿತು.

ಇನ್ನೊಂದು ಪ್ರಸಂಗವು ಅವನ ಮಿತ್ರನಾದ ಜೂಲಿಯಸ್ ಸೆಕುಂಡಸನದು. ವಿದ್ಯಾರ್ಥಿದೆಸೆಯಲ್ಲಿ ಸೆಕುಂಡಸನು ಒಂದು ದಿನ ಮುಖ ಬಾಡಿಸಿಕೊಂಡು ಕುಳಿತಿದ್ದುದನ್ನು ಕಂಡು ಅವನ ಚಿಕ್ಕಪ್ಪನಾದ ಫ್ಲೋರಸನು ಕಾರಣ ಕೇಳಿದನು. ಕೊಟ್ಟ ವಿಷಯಕ್ಕೆ ಪೀಠಿಕೆಯೇ ಹೊಳೆಯದೆ ಮೂರು ದಿನಗಳಾದವೆಂದು ತರುಣನು ಅಳಲಿದನು. ಫ್ಲೋರಸನು ನಕ್ಕು, ನಿನ್ನ ಶಕ್ತಿಗೆ ಮೀರಿ ಚೆನ್ನಾಗಿ ಬರೆಯಬೇಕೆಂದಿರುವೆಯಾ ಎಂದು ಮಾತ್ರ ಕೇಳಿದನಂತೆ. ಶಕ್ತಿಯಿದ್ದಷ್ಟು ಚೆನ್ನಾಗಿ ಬರೆಯಬೇಕು. ಶಕ್ತಿಯನ್ನು ಬೆಳೆಸಲು ಬೇಕಾದುದು ಅಭ್ಯಾಸವೇ ಹೊರತು ಕೊರಗಲ್ಲ. ಆರಂಭದಲ್ಲಿ ನಿಧಾನವಾಗಿಯಾದರೂ ಸರಿಯಾಗಿ ಬರೆಯುವವನಿಗೆ ವೇಗವು ತಾನಾಗಿ ಬರುತ್ತದೆ; ವೇಗವಾಗಿ ಬರೆಯುವುದರಿಂದ ಸರಿಯಾದ ಬರಹ ಬರುವುದಿಲ್ಲ. ಬರೆದುದನ್ನು ಕೆಲವು ಕಾಲ ತೆಗೆದಿಟ್ಟು, ಇನ್ನೊಬ್ಬರ ಬರಹವೆಂಬಂತೆ ಓದಿ ತಿದ್ದಬೇಕು. ಆದರೆ ತಿದ್ದುವುದಕ್ಕೂ ಕೊನೆಯಿರಬೇಕು, ಇಲ್ಲವಾದರೆ ಅದು ಆರೋಗ್ಯವಾದ ಅಂಗವನ್ನೂ ಕತ್ತರಿಸುವ ವೈದ್ಯನ ಕೆಲಸವಾದೀತೆಂದು ಅವನು ಎಚ್ಚರಿಸಿದ್ದಾನೆ.

ಗೃಹದುಃಖ

ಇನ್ನೂ ಬೇಡಿಕೆಯಿರುವಾಗಲೇ ಅಧ್ಯಾಪನದಿಂದ ನಿವೃತ್ತನಾದ ಕ್ವಿಂಟಿಲಿಯನ್ನನು ಮಿತ್ರರ ಒತ್ತಾಯದಿಂದ ಗ್ರಂಥರಚನೆಗೆ ತೊಡಗಿದನು. ಶಿಷ್ಯರು ಅವನ ಉಪನ್ಯಾಸಗಳ ಟಿಪ್ಪಣಿಗಳನ್ನು ಅನುಮತಿಯಿಲ್ಲದೆಯೇ ಅವನ ಹೆಸರಿನಲ್ಲಿ ಪ್ರಚುರಪಡಿಸಿದ್ದುದೂ ಅದಕ್ಕೊಂದು ಕಾರಣ. ವಾಗ್ಮಿಯ ಶಿಕ್ಷಣವೆಂದು ಅರ್ಥ ಬರುವ ಇನ್‌ಸ್ಟಿಟ್ಯೂಶಿಯೊ ಒರೆಟೋರಿಯ ಎಂಬುದೇ ಆ ಗ್ರಂಥ. ಮಾರ್ಸೆಲಸ್ ಎಂಬ ಮಿತ್ರನ ಮಗನ ಶಿಕ್ಷಣಕ್ಕೆಂದು ಅದು ಆರಂಭವಾಯಿತು. ನಡುವೆ ಡೊಮಿಶಿಯನ್ ಚಕ್ರವರ್ತಿಯು ತನ್ನ ಸಹೋದರಿಯ ಮೊಮ್ಮಕ್ಕಳ ಶಿಕ್ಷಣವನ್ನು ಅವನಿಗೆ ವಹಿಸಿದನು. ಕ್ವಿಂಟಿಲಿಯನ್ನನು ಆ ಕ್ರೂರ ಪ್ರಭುವನ್ನು ಗ್ರಂಥದಲ್ಲಿ ಮಿತಿಮೀರಿ ಹೊಗಳಿದ್ದಾನೆ. ತತ್ತ್ವಜ್ಞಾನಿಗಳನ್ನು ನಗರದಿಂದ ಹೊರಗಟ್ಟಿದ, ಆ ಬಾಲಕರ ತಂದೆಯಾದ ಕ್ಲೆಮೆನ್ಸನನ್ನೇ ಕ್ರಿ. ಶ. 95ರಲ್ಲಿ ಕೊಲ್ಲಿಸಿದ ಅರಸನ ಸ್ತುತಿಯು ಆ ಗ್ರಂಥಕ್ಕೆ ಭೂಷಣವಲ್ಲ. ಸಜ್ಜನನಲ್ಲದವನು ವಾಗ್ಮಿಯಾಗಲಾರನೆಂದು ಬೋಧಿಸಿದವನ ಬಾಳಿನಲ್ಲಿಯೂ ಭಯದ ನೆರಳು ಬಿದ್ದಿತ್ತೆಂದು ಇದರಿಂದ ತಿಳಿಯಬಹುದು.

ಆದರೆ ಅವನ ನಿಜವಾದ ಪರೀಕ್ಷೆ ಅರಮನೆಯಲ್ಲಿ ನಡೆಯಲಿಲ್ಲ, ಸ್ವಗೃಹದಲ್ಲಿ ನಡೆಯಿತು. ಹತ್ತೊಂಬತ್ತು ವರ್ಷ ತುಂಬುವ ಮೊದಲೇ, ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಅವನ ಪತ್ನಿಯು ತೀರಿಕೊಂಡಳು. ಐದು ವರ್ಷ ದಾಟಿದ್ದ ಕಿರಿಯ ಮಗನು ಆಮೇಲೆ ಹೋದನು. ಉಳಿದವನು ತಂದೆಯ ಹೆಸರನ್ನೇ ಹೊತ್ತ ಹಿರಿಯ ಮಗ. ಮಾರ್ಸೆಲಸನ ಮಗನಿಗಾಗಿ ಬರೆಯುತ್ತಿದ್ದ ಗ್ರಂಥವೇ ತನ್ನ ಈ ಮಗನಿಗೆ ತಾನು ಬಿಟ್ಟುಹೋಗುವ ಆಸ್ತಿಯಲ್ಲಿ ಶ್ರೇಷ್ಠವಾದ ಭಾಗವೆಂದು ತಂದೆಯು ಭಾವಿಸಿದ್ದನು. ಹತ್ತನೆಯ ವರ್ಷಕ್ಕೆ ಕಾಲಿಟ್ಟಿದ್ದ ಆ ಬಾಲಕನು ಎಂಟು ತಿಂಗಳ ಕಾಲ ವ್ಯಾಧಿಯನ್ನು ಅನುಭವಿಸಿದನು. ವೈದ್ಯರೇ ಬೆರಗಾಗುವಂತೆ ನೋವನ್ನು ಸಹಿಸಿ, ತಂದೆಗೆ ತಾನೇ ಸಮಾಧಾನ ಹೇಳಿದನು. ಕೊನೆಗೆ ಜ್ಞಾನ ತಪ್ಪಿ ಕನವರಿಸುವಾಗಲೂ ಅವನ ಬಾಯಲ್ಲಿ ಪಾಠಶಾಲೆಯ ಮಾತು, ಪಾಠದ ಮಾತು. ಹಾಗೆಯೇ ಅವನೂ ಹೋದನು.

ಗ್ರಂಥದ ಆರನೆಯ ಸಂಪುಟವು ಆರಂಭವಾಗಬೇಕಾಗಿದ್ದ ಸಮಯ ಅದು. ಬರೆದುದನ್ನೆಲ್ಲ ಮಗನ ಚಿತೆಗೆ ಎಸೆದಿದ್ದರೆ ಒಳ್ಳೆಯದಿತ್ತೆಂದು ಆ ತಂದೆಗೆ ಅನಿಸಿತು. ಇಷ್ಟು ದುಃಖದ ನಡುವೆಯೂ ತನಗೆ ಮಾತು ಉಳಿದಿದೆಯೆಂಬುದೇ ಅವನಿಗೆ ಅಪರಾಧವೆನಿಸಿತು. ಆದರೂ ಅವನು ಮತ್ತೆ ಲೇಖನಿಯನ್ನು ಹಿಡಿದನು. ತನ್ನ ಮಗನಿಗೆಂದು ಕೂಡಿಟ್ಟ ಆಸ್ತಿಯಂತೆ ಈ ಗ್ರಂಥವೂ ಇನ್ನು ಪರರ ಪಾಲಾಗತಕ್ಕದ್ದೆಂದು ಬರೆದು, ಪರರ ಮಕ್ಕಳಿಗಾಗಿಯೇ ಮುಂದುವರಿಸಿದನು. ಆ ಆರನೆಯ ಸಂಪುಟದಲ್ಲಿ ಅವನು ವಿವರಿಸಬೇಕಾಗಿದ್ದುದು ಉಪಸಂಹಾರವನ್ನು, ಕೇಳುವವರ ಹೃದಯವನ್ನು ಕರಗಿಸುವ ಬಗೆಯನ್ನು, ಅಷ್ಟೇ ಅಲ್ಲದೆ ಹಾಸ್ಯವನ್ನು ಕೂಡ. ಶೋಕತಪ್ತನಾದ ಆಚಾರ್ಯನು ಹಾಸ್ಯದ ಪ್ರಕರಣವನ್ನೂ ಬಿಡದೆ ಪೂರೈಸಿದನು. ಕರ್ತವ್ಯನಿಷ್ಠೆಗೆ ಇದಕ್ಕಿಂತ ಹಿರಿದಾದ ಉದಾಹರಣೆಯನ್ನು ವಿದ್ಯಾಲೋಕದಲ್ಲಿ ಕಾಣುವುದು ಕಷ್ಟ.

ಕ್ರಮವೆಂಬ ಜೀವ

ಅದರ ಮುಂದಿನ ಸಂಪುಟ, ಎಂದರೆ ಏಳನೆಯದು, ಜೋಡಣೆಯನ್ನು ಕುರಿತದ್ದು. ವಾಕ್ಕಲೆಗೆ ಐದು ಅಂಗಗಳು: ವಿಷಯಸಂಗ್ರಹ, ಜೋಡಣೆ, ಶೈಲಿ, ಧಾರಣೆ, ನಿರೂಪಣೆ. ಇವುಗಳಲ್ಲಿ ಎರಡನೆಯದಿಲ್ಲದೆ ಮೊದಲನೆಯದು ನಿಷ್ಫಲ. ಕಲ್ಲು ಮರಗಳನ್ನು ರಾಶಿ ಹಾಕಿದರೆ ಮನೆಯಾಗುವುದಿಲ್ಲ. ಅವುಗಳನ್ನು ಜೋಡಿಸುವ ಶಿಲ್ಪಿಯ ಕೈ ಬೇಕು. ವಿಗ್ರಹದ ಅಂಗಗಳನ್ನೆಲ್ಲ ಎರಕ ಹೊಯ್ದಿಟ್ಟರೂ ಕೂಡಿಸದಿದ್ದರೆ ವಿಗ್ರಹವಿಲ್ಲ. ಒಂದು ಅಂಗವನ್ನು ಸ್ಥಾನ ತಪ್ಪಿಸಿದರೂ ಅದು ವಿಕಾರರೂಪ. ಕ್ರಮವಿಲ್ಲದ ಬರಹಗಾರನು ಗುರುತಿಲ್ಲದ ಊರಿನಲ್ಲಿ ರಾತ್ರಿ ಅಲೆಯುವವನಂತೆ. ಎಲ್ಲಿಂದ ಹೊರಟೆ, ಎಲ್ಲಿಗೆ ಹೋಗಬೇಕು ಎಂಬುದೇ ಅವನಿಗೆ ತಿಳಿಯದು.

ಭಾಷಣಕ್ಕೆ ಪೀಠಿಕೆ, ವೃತ್ತಾಂತಕಥನ, ಸಾಧನೆ, ಪರಪಕ್ಷನಿರಾಕರಣ, ಉಪಸಂಹಾರ ಎಂಬ ಐದು ಭಾಗಗಳನ್ನು ಅವನು ವಿವರಿಸಿದನು. ಪೀಠಿಕೆ, ವಿಷಯವಿಸ್ತಾರ, ಉಪಸಂಹಾರ ಎಂದು ಇಂದಿನ ಪ್ರಬಂಧಪಾಠದಲ್ಲಿ ಹೇಳಿಕೊಡುವ ಕ್ರಮವು ಈ ಪರಂಪರೆಗೆ ಹತ್ತಿರದ ಬಂಧು. ಆದರೆ ಇದನ್ನು ಅವನು ಅಚ್ಚಿನಂತೆ ಒತ್ತಲಿಲ್ಲ. ಸೇನಾಪತಿಯು ಬೆಟ್ಟ, ಹೊಳೆ, ಕಾಡುಗಳನ್ನು ನೋಡಿ ವ್ಯೂಹವನ್ನು ರಚಿಸುವಂತೆ ಬರೆಯುವವನು ವಿಷಯವನ್ನು ನೋಡಿ ಕ್ರಮವನ್ನು ನಿಶ್ಚಯಿಸಬೇಕು. ಯುಕ್ತಿಗಳನ್ನು ಜೋಡಿಸುವಾಗಲೂ ಪ್ರಸಂಗವೇ ಪ್ರಮಾಣ. ಬಲವಾದುದರಿಂದ ದುರ್ಬಲವಾದುದಕ್ಕೆ ಇಳಿಯುತ್ತ ಹೋಗುವುದು ಮಾತ್ರ ಎಂದಿಗೂ ಸಲ್ಲದು. ಶೈಲಿಯ ಗುಣಗಳಲ್ಲಿ ಮೊದಲನೆಯದು ಪ್ರಸನ್ನತೆ. ಓದುವವನಿಗೆ ಅರ್ಥವಾಗಬಹುದು ಎಂಬಷ್ಟು ಸಾಲದು. ಅರ್ಥವಾಗದೆ ಇರಲು ಸಾಧ್ಯವೇ ಇಲ್ಲವೆಂಬಂತೆ ಬರೆಯಬೇಕು.

ಗ್ರಂಥದ ಮರುಹುಟ್ಟು

ಹನ್ನೆರಡು ಸಂಪುಟಗಳು ಕ್ರಿ. ಶ. 95ರ ಸುಮಾರಿಗೆ ಪೂರ್ಣವಾದವು. ಬರೆದುದನ್ನು ತೆಗೆದಿಟ್ಟು ತಣ್ಣಗಾದ ಮೇಲೆ ತಿದ್ದಬೇಕೆಂದಿದ್ದ ಗ್ರಂಥಕರ್ತನು ಟ್ರೈಫೋ ಎಂಬ ಪುಸ್ತಕವ್ಯಾಪಾರಿಯ ಒತ್ತಾಯಕ್ಕೆ ಮಣಿದು ಅವುಗಳನ್ನು ಹೊರಗೆ ಬಿಟ್ಟನು. ಕ್ರಿ. ಶ. 100ರ ಸುಮಾರಿಗೆ ಅವನು ಕಾಲವಾದನೆಂದು ವಿದ್ವಾಂಸರ ಊಹೆ. ಮುಂದೆ ಅನೇಕ ಶತಮಾನಗಳವರೆಗೆ ಯುರೋಪಿನಲ್ಲಿ ಆ ಗ್ರಂಥದ ಹರಿದು ಅಪೂರ್ಣವಾದ ಪ್ರತಿಗಳು ಮಾತ್ರ ಬಳಕೆಯಲ್ಲಿದ್ದವು. 1416ರಲ್ಲಿ ಪೋಜಿಯೊ ಬ್ರಾಚೊಲೀನಿ ಎಂಬ ಇಟಲಿಯ ಪಂಡಿತನು ಈಗಿನ ಸ್ವಿಟ್ಜರ್ಲೆಂಡಿನ ಸಂತ ಗಾಲನ ಮಠದ ಗೋಪುರವೊಂದರ ತಳದ ಕತ್ತಲೆಕೋಣೆಯಲ್ಲಿ, ಧೂಳು ಬೂಷ್ಟುಗಳ ನಡುವೆ, ಅದರ ಸಂಪೂರ್ಣ ಪ್ರತಿಯನ್ನು ಕಂಡು, ಸ್ವಹಸ್ತದಿಂದ ನಕಲು ಮಾಡಿಕೊಂಡನು. 1470ರಲ್ಲಿ ಅದು ರೋಮಿನಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಯುರೋಪಿನ ಪಾಠಶಾಲೆಗಳ ಕೈಪಿಡಿಯಾಯಿತು.

ಸ್ವಂತ ಮಕ್ಕಳಿಲ್ಲದ ಮನೆಯಲ್ಲಿ ಕುಳಿತು ಪರರ ಮಕ್ಕಳಿಗಾಗಿ ಬರೆದ ಆಚಾರ್ಯನ ಆಸ್ತಿಯು ಹೀಗೆ ಲೋಕದ ಮಕ್ಕಳೆಲ್ಲರಿಗೂ ಸೇರಿತು. ಬಾಲಕನೊಬ್ಬನು ತಾನು ಬರೆದ ಪುಟವನ್ನು ಅಳುಕುತ್ತ ಮುಂದೆ ಹಿಡಿದಾಗ, ಅದರಲ್ಲಿ ಹೊಗಳಬೇಕಾದ ಒಂದು ವಾಕ್ಯವನ್ನು ಮೊದಲು ಹುಡುಕಿ, ಬಳಿಕ ತಿದ್ದಲು ತೊಡಗುವ ಉಪಾಧ್ಯಾಯನು, ಕ್ವಿಂಟಿಲಿಯನ್ನನ ಹೆಸರನ್ನು ಕೇಳಿರಲಿ ಬಿಡಲಿ, ಅವನ ಶಿಷ್ಯಪರಂಪರೆಗೆ ಸೇರಿದವನೇ ಸರಿ.